ಹೂಣರ ಕುದುರೆಗೆ ಕೆದಂಬಾಡಿಯ ಮಣ್ಣು

ಕಳೆದ ರಜೆಯಲ್ಲಿ ಕೆದಂಬಾಡಿಯ ಮನೆಯಲ್ಲಿ ಕೂತು ಪುಟ್ಟ ಕುದುರೆ ಸವಾರರ ಬೊಂಬೆಗಳನ್ನು ಹಲಗೆಗೆ ಅಂಟಿಸ್ತಾ ಇದ್ದೆ. ಅಜ್ಜ ಬಂದು ಕೇಳಿದ್ರು, "ಎಂತ ಮಾರಾಯ, ಯಾರಿವರು?"

"ಹೂಣರು ಅಜ್ಜ. ಅಟಿಲನ ಸೈನ್ಯ."

ಅಜ್ಜ ಬೊಂಬೆಯ ಕಾಲಡಿ ನೋಡಿದ್ರು. "ಹೂಣರು ನಮ್ಮ ತೋಟಕ್ಕೆ ಯಾವಾಗ ಬಂದದ್ದು?"

ನಾನು ಅಂಗಳದ ಮುರಕಲ್ಲಿನ ಹುಡಿಯನ್ನೇ ಉದುರಿಸಿದ್ದೆ!

ವಾರ್‌ಗೇಮ್ ಅಂದ್ರೆ ಬೊಂಬೆಗಳ ಸೈನ್ಯ ಕಟ್ಟಿ, ಮೇಜಿನ ಮೇಲೆ ದಾಳ ಹಾಕಿ ಆಡುವ ಯುದ್ಧ. ಬೊಂಬೆಗಳು ನಿಲ್ಲುವ ಹಲಗೆಯೇ ಬೇಸ್. ಅದು ಬರೀ ಅಲಂಕಾರ ಅಲ್ಲ. 1990ರಲ್ಲಿ ಬಂದ ಡಿಬಿಎ ಎಂಬ ಆಟದಲ್ಲಿ ಒಂದು ಸೈನ್ಯಕ್ಕೆ 12 ಬೇಸ್. 15 ಮಿ.ಮೀ. ಅಳತೆಯ ಬೊಂಬೆಗಳಾದರೆ ಪ್ರತಿ ಬೇಸಿನ ಅಗಲ 40 ಮಿ.ಮೀ. ಒತ್ತಾಗಿ ನುಗ್ಗುವ ಅಶ್ವದಳಕ್ಕೆ ಬೇಸಿಗೆ 3 ಸವಾರರು. ಚದುರಿ ಓಡಾಡುತ್ತಾ ಬಾಣ ಬಿಡುವ ಹಗುರ ಕುದುರೆಗೆ 2. ಹೂಣರಲ್ಲಿ ಹೆಚ್ಚಿನವರು ಈ ಎರಡನೇ ಜಾತಿ. ಅಂದರೆ ಖಾಲಿ ಜಾಗವೇ ಅವರ ಯುದ್ಧದ ರೀತಿಯನ್ನು ಹೇಳ್ತದೆ. ಹಾಗಾಗಿ ಇಬ್ಬರನ್ನೂ ಸಾಲಾಗಿ ನಿಲ್ಲಿಸಬೇಡಿ. ಒಬ್ಬನನ್ನು ಸ್ವಲ್ಪ ಹಿಂದೆ, ಓರೆಯಾಗಿ ಅಂಟಿಸಿ.

ಈಗ ನಮ್ಮ ಇಂಜಿನಿಯರಿಂಗ್. ತೆಳು ರಟ್ಟಿಗೆ ಫೆವಿಕಾಲ್ ಹಚ್ಚಿದರೆ, ಅದು ಒಣಗುವಾಗ ಕುಗ್ಗಿ ರಟ್ಟನ್ನು ದೋಣಿಯ ಹಾಗೆ ಬಗ್ಗಿಸ್ತದೆ. ನನ್ನ ಮೊದಲ ನಾಲ್ಕು ಬೇಸ್ ಹಾಗೇ ಹಾಳಾದವು. ಪರಿಹಾರ: 2 ಮಿ.ಮೀ. ಎಂಡಿಎಫ್ ಹಲಗೆ ಬಳಸಿ, ಅಡಿಗೂ ಒಂದು ಕೋಟ್ ಹಚ್ಚಿ; ಎರಡೂ ಕಡೆಯ ಎಳೆತ ಸಮ ಆಗ್ತದೆ. ಪುತ್ತೂರಿನ ಮಳೆಗಾಲದಲ್ಲಿ ಅಂಟು ಒಣಗಲು ತುಂಬಾ ಹೊತ್ತು ಬೇಕು, ಅವಸರ ಬೇಡ.

ಬೊಂಬೆ ಕೂತ ಮೇಲೆ ಸುತ್ತ ಫೆವಿಕಾಲ್ ಹಚ್ಚಿ ಜರಡಿ ಹಿಡಿದ ಹೊಳೆ ಮರಳು ಉದುರಿಸಿ. ಒಣಗಿದ ಮೇಲೆ ಗಾಢ ಕಂದು ಬಣ್ಣ ಕೊಡಿ. ನಂತರ ಬ್ರಶ್ಶಿನ ತಿಳಿ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದದ್ದನ್ನು ಮೇಲಿಂದ ಸವರಿ. ಉಬ್ಬಿದ ಕಾಳುಗಳಿಗೆ ಮಾತ್ರ ಹಿಡೀತದೆ. ಹೂಣರು ಬಯಲು ಹುಲ್ಲುಗಾವಲಿನವರು, ಆದ್ದರಿಂದ ತೆಂಗಿನ ನಾರನ್ನು ಕತ್ತರಿಸಿ ಒಣಹುಲ್ಲು ಮಾಡಿ. ಕೆಂಪು ಹುಡಿ ಬೇಡ.

ಹಾಗಾದರೆ ಆ ಕೆಂಪು ಹುಡಿ ಯಾರಿಗೆ? ಅಜ್ಜನ ಮಾತು ತಲೆಯಲ್ಲೇ ಕೂತಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆ ಕೆನರಾಕ್ಕೆ ಸೇರಿತು. ಕಂದಾಯವನ್ನು ನಗದಲ್ಲೇ ಕಟ್ಟಬೇಕಾಯ್ತು. 1837ರಲ್ಲಿ ರೈತರು ದಂಗೆ ಎದ್ದು, ಏಪ್ರಿಲ್‌ನಲ್ಲಿ ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡರು. ಮುಂದಾಳುಗಳಲ್ಲಿ ಒಬ್ಬರು ಕೆದಂಬಾಡಿ ರಾಮಯ್ಯ ಗೌಡರು. ಬಾವುಟಗುಡ್ಡೆಯಲ್ಲಿ 2022ರಲ್ಲಿ ಅವರ ಪ್ರತಿಮೆ ನಿಂತಿತು.

ಅಟಿಲನ 451ರ ಯುದ್ಧ ನನಗೆ ಬಾಯಿಪಾಠ. ಇದು ಮಾತ್ರ ಅಜ್ಜ ಹೇಳಿ ಗೊತ್ತಾದದ್ದು. ನಾಚಿಕೆ ಆಯ್ತು.

ಡಿಬಿಎ ನಿಯಮಗಳು ಕ್ರಿ.ಶ. 1500ಕ್ಕೇ ನಿಲ್ತವೆ, ಆ ರೈತರ ಬೊಂಬೆಗಳೂ ನನಗೆಲ್ಲೂ ಸಿಗಲಿಲ್ಲ. ಆದರೆ ಬೇಸ್ ಹೇಗಿರಬೇಕು ಅಂತ ಗೊತ್ತು: ರೈತರು ಒತ್ತೊತ್ತಾಗಿ ನಿಂತಿರಬೇಕು, ಕಾಲಡಿ ಮುರಕಲ್ಲಿನ ಹುಡಿ ಇರಬೇಕು. ಕ್ಲಬ್ಬಿನಲ್ಲಿ ಯಾರಿಗಾದರೂ ಬೊಂಬೆ ಕೆತ್ತಲು, ತ್ರೀಡಿ ಪ್ರಿಂಟ್ ಮಾಡಲು ಬಂದರೆ ಹೇಳಿ. ಹುಡಿ ಡಬ್ಬದಲ್ಲಿ ರೆಡಿ ಇದೆ.