ಮುದಿ ನಾಯಿಗೂ ಬೇಕು ಮಾಲೀಶು

"ಮಾಷ್ಟ್ರೇ, ನಮ್ಮ ನಾಯಿಗೆ ಬೆಳಿಗ್ಗೆ ಏಳಲಿಕ್ಕೇ ಆಗುವುದಿಲ್ಲ. ಅಜ್ಜಿಯ ಗಂಟುನೋವಿಗೆ ಹಚ್ಚುವ ಎಣ್ಣೆಯನ್ನೇ ತಿಕ್ಕಬಹುದಾ?"

ಕಳೆದ ಮಳೆಗಾಲದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ನಾಯಿಗೆ ಹನ್ನೆರಡು ವರ್ಷ. "ಇನ್ನು ಇದರಿಂದ ಕಾವಲು ಆಗಲಿಕ್ಕಿಲ್ಲ, ಎಲ್ಲಿಯಾದರೂ ಬಿಟ್ಟು ಬರುವ" ಎಂಬ ಮಾತು ಮನೆಯಲ್ಲಿ ಶುರುವಾಗಿತ್ತಂತೆ.

ಮಕ್ಕಳೇ, ಮೊದಲು ಕಾರಣ ತಿಳಿಯೋಣ. ಕೀಲಿನಲ್ಲಿ ಎಲುಬುಗಳ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆ ಇರುತ್ತದೆ. ವಯಸ್ಸಾದಂತೆ ಅದು ಸವೆಯುತ್ತದೆ, ಕೀಲು ಬಿಗಿಯುತ್ತದೆ, ನೋಯುತ್ತದೆ. ಅಜ್ಜಿಗೂ ನಾಯಿಗೂ ಇದೇ ಕಥೆ.

ಈಗ ನಿಮ್ಮ ಕೊರಳ ಕೆಳಗೆ, ಭುಜದಿಂದ ಎದೆಯ ನಡುವಿನವರೆಗೆ ಅಡ್ಡಲಾಗಿರುವ ಎಲುಬನ್ನು ಮುಟ್ಟಿ ನೋಡಿ. ನಾಯಿಗೆ ಹೀಗೆ ಜೋಡಿಸುವ ಎಲುಬಿಲ್ಲ. ಅದರ ಮುಂಗಾಲುಗಳನ್ನು ಮೈಗೆ ಹಿಡಿದಿಟ್ಟಿರುವುದು ಬರೀ ಸ್ನಾಯುಗಳು. ದೇಹದ ತೂಕದಲ್ಲಿ ಸುಮಾರು 60 ಶೇಕಡಾ ಮುಂಗಾಲುಗಳ ಮೇಲೆಯೇ ಬೀಳುತ್ತದೆ. 20 ಕಿಲೋ ತೂಗುವ ನಾಯಿಯಲ್ಲಿ ಅದು 12 ಕಿಲೋ ಆಯಿತು. ಸೊಂಟ ನೋಯುವ ನಾಯಿ ಇನ್ನಷ್ಟು ಭಾರವನ್ನು ಮುಂದಕ್ಕೆ ಹಾಕುತ್ತದೆ. ಆಗ ಭುಜ, ಬೆನ್ನಿನ ಸ್ನಾಯುಗಳು ದಣಿದು ಬಿಗಿಯುತ್ತವೆ. ಮಾಲೀಶು ಸಡಿಲಿಸುವುದು ಈ ಸ್ನಾಯುಗಳನ್ನು. ಸವೆದ ಮೃದ್ವಸ್ಥಿಯನ್ನು ಅದು ಮತ್ತೆ ಬೆಳೆಸುವುದಿಲ್ಲ.

ಎಣ್ಣೆ ಖಂಡಿತ ಬೇಡ. ಮೈಗೆ ಹಚ್ಚಿದ್ದನ್ನು ನಾಯಿ ನೆಕ್ಕುತ್ತದೆ, ನೋವಿನ ಎಣ್ಣೆಗಳಲ್ಲಿರುವ ಕರ್ಪೂರ ಅದಕ್ಕೆ ವಿಷ. ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳನ್ನೂ ಕೊಡಬೇಡಿ. ಜೀವಕ್ಕೇ ಅಪಾಯ.

ಮೊದಲು ಮೃಗಾಸ್ಪತ್ರೆಯಲ್ಲಿ ತೋರಿಸಿ. ಅವರು ಆಗಬಹುದು ಅಂದರೆ, ದಪ್ಪ ಗೋಣಿಯ ಮೇಲೆ ನಾಯಿಯನ್ನು ಮಲಗಿಸಿ. ಅಂಗೈಯನ್ನು ಕುತ್ತಿಗೆಯಿಂದ ಬಾಲದ ಕಡೆಗೆ, ಕೂದಲಿನ ದಿಕ್ಕಿನಲ್ಲಿ ನಿಧಾನವಾಗಿ ಎಳೆಯಿರಿ. ನಂತರ ಭುಜ ಮತ್ತು ತೊಡೆಯ ದಪ್ಪ ಭಾಗವನ್ನು ಬೆರಳುಗಳಿಂದ ಹಗುರಾಗಿ ನಾದಿ. ಬೆನ್ನೆಲುಬಿನ ಮೇಲೆ, ಕೀಲಿನ ಮೇಲೆ ಒತ್ತಬಾರದು. ಐದರಿಂದ ಹತ್ತು ನಿಮಿಷ ಸಾಕು. ನಾಯಿ ಮುಖ ತಿರುಗಿಸಿದರೆ, ಮೈ ಬಿಗಿಹಿಡಿದರೆ, ಗುರ್ ಅಂದರೆ ಅಲ್ಲಿಗೇ ನಿಲ್ಲಿಸಿ. ಅದಕ್ಕೆ "ಬೇಡ" ಅನ್ನಲು ಬೇರೆ ಭಾಷೆ ಇಲ್ಲ. ಗಾಯ, ಬಿಸಿಯಾದ ಬಾವು, ಗಡ್ಡೆ, ಜ್ವರ ಇದ್ದರೆ, ಇದ್ದಕ್ಕಿದ್ದಂತೆ ಕುಂಟತೊಡಗಿದರೆ ಮಾಲೀಶು ಮಾಡಬೇಡಿ, ವೈದ್ಯರಿಗೆ ತೋರಿಸಿ.

ಇದು ಮನೆಯ ನಾಯಿಗೆ ಮಾತ್ರ, ಅದೂ ದೊಡ್ಡವರು ಹತ್ತಿರ ಇರುವಾಗ. ಬೀದಿ ನಾಯಿಗಳನ್ನು ಮುಟ್ಟಲು ಹೋಗಬೇಡಿ. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಪ್ರಯೋಜನ ಆಯಿತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಅಳೆದು ನೋಡಿ. ಮಾಲೀಶು ಇಲ್ಲದೆ ಏಳು ದಿನ, ಮಾಲೀಶು ಮಾಡಿ ಏಳು ದಿನ, ಬೆಳಿಗ್ಗೆ ಕರೆದಾಗ ನಾಯಿ ಎದ್ದು ನಿಲ್ಲಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆದಿಡಿ. ಆ ದಿನ ಮಳೆ, ಚಳಿ ಇತ್ತೇ, ಔಷಧಿ ಬದಲಾಯಿತೇ, ಅದನ್ನೂ ಬರೆಯಿರಿ. ಇಲ್ಲದಿದ್ದರೆ ಬಿಸಿಲಿನ ಉಪಕಾರವನ್ನು ಮಾಲೀಶಿನ ಲೆಕ್ಕಕ್ಕೆ ಸೇರಿಸಿಬಿಡುತ್ತೀರಿ.

ಆ ಹುಡುಗಿಯ ನಾಯಿ ಈಗಲೂ ಕುಂಟುತ್ತದೆ. ವೈದ್ಯರ ಔಷಧಿ, ಗೋಣಿಯ ಹಾಸಿಗೆ, ಸಂಜೆಯ ಹತ್ತು ನಿಮಿಷ, ಇವುಗಳಲ್ಲಿ ಯಾವುದು ಎಷ್ಟು ಸಹಾಯ ಮಾಡಿತೆಂದು ಅವಳ ಪುಸ್ತಕದಿಂದ ಬೇರ್ಪಡಿಸಿ ಹೇಳಲು ಆಗಲಿಲ್ಲ. ಮೂರನ್ನೂ ಒಟ್ಟಿಗೇ ಶುರುಮಾಡಿದ್ದಳು! ಆದರೆ ಶಾಲೆ ಬಿಟ್ಟು ಬರುವಾಗ ನಾಯಿ ಜಗಲಿಯಿಂದ ಎದ್ದು ಅಂಗಳದವರೆಗೆ ಬರುತ್ತದಂತೆ. ಬಿಟ್ಟು ಬರುವ ಮಾತನ್ನು ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ.