ಆಫ್ ಸ್ವಿಚ್ ಇಲ್ಲದ ಒಲೆ

ಆಲೆಮನೆ ನೋಡಿದೀರಾ? ಮಂಡ್ಯ ಕಡೆಯವರಾದ್ರೆ ಕೇಳೋದೇ ಬೇಡ. ದೊಡ್ಡ ಕೊಪ್ಪರಿಗೆ, ಕೆಳಗೆ ಧಗಧಗ ಉರಿಯೋ ಒಣ ಕಬ್ಬಿನ ಸಿಪ್ಪೆ, ಮೇಲೆ ನೊರೆ ಉಕ್ಕಿಸ್ತಾ ಕುದಿಯೋ ಹಾಲು. ಕಬ್ಬಿನ ಹಾಲಲ್ಲಿರೋ ನೀರನ್ನ ಹಾರಿಸಿ ಸಿಹಿಯನ್ನ ಉಳಿಸ್ಕೊಳ್ಳೋದು, ಅಷ್ಟೇ ಕೆಲಸ. ಇದೇ ಕೆಲಸವನ್ನ ಅಮೆರಿಕದ ಈಶಾನ್ಯ ಭಾಗದಲ್ಲಿ, ಕೆನಡಾದ ಕ್ವಿಬೆಕ್‌ನಲ್ಲಿ ಮೇಪಲ್ ಅನ್ನೋ ಮರದ ರಸದಿಂದ ಮಾಡ್ತಾರೆ. ಯುರೋಪಿನವರು ಬರೋಕೆ ಮುಂಚೆಯೇ ಅಬೆನಾಕಿಯಂಥ ಅಲ್ಲಿನ ಮೂಲನಿವಾಸಿಗಳು ಈ ರಸದಿಂದ ಸಿಹಿ ಮಾಡ್ತಿದ್ರು. ಇವತ್ತು ಇಡೀ ಪ್ರಪಂಚದ ಮೇಪಲ್ ಸಿರಪ್‌ನಲ್ಲಿ ಸುಮಾರು 70 ಪರ್ಸೆಂಟ್ ಕ್ವಿಬೆಕ್ ಒಂದರಿಂದಲೇ ಬರುತ್ತೆ.

ಸೆಕೆಂಡ್ ಇಯರ್ ಮೆಕ್ಯಾನಿಕಲ್‌ನ ನಾವು ನಾಲ್ಕು ಜನಕ್ಕೂ ಮೇಪಲ್‌ಗೂ ಏನು ಸಂಬಂಧ ಅಂತೀರಾ? ನಮ್ಮಲ್ಲೊಬ್ಬಳ ಅಕ್ಕ, ಭಾವ ವರ್ಮಾಂಟ್‌ನಲ್ಲಿದ್ದಾರೆ. ಮನೆ ಹಿಂದೆ ಒಂದಷ್ಟು ಮೇಪಲ್ ಮರಗಳಿವೆ. ಭಾವ ಯಾರೋ ವಯಸ್ಸಾದವರ ಹತ್ರ ಸೌದೆಯಿಂದ ಉರಿಯೋ ಸೆಕೆಂಡ್ ಹ್ಯಾಂಡ್ ಇವ್ಯಾಪರೇಟರ್ ಒಂದನ್ನ ಕೊಂಡು ತಂದು, ಶೆಡ್ಡಲ್ಲಿ ಇಳಿಸಿ, ಆಮೇಲೆ ನಮಗೆ ವಿಡಿಯೋ ಕಾಲ್ ಮಾಡಿದ್ರು. "ನೀವು ಇಂಜಿನಿಯರ್‌ಗಳಲ್ವೇನ್ರೋ, ಇದನ್ನ ಹೇಗೆ ಕೂರಿಸೋದು ಹೇಳಿ" ಅಂದ್ರು. ಹೀಟ್ ಟ್ರಾನ್ಸ್‌ಫರ್ ಪೇಪರ್ ಇನ್ನೂ ಶುರುವೇ ಆಗಿಲ್ಲ ಅಂತ ಹೇಳೋಕೆ ನಮಗೆ ನಾಚಿಕೆ ಆಯ್ತು. ಹಾಗಾಗಿ ಓದಿದ್ವಿ, ಲೆಕ್ಕ ಹಾಕಿದ್ವಿ, ಒಂದೆರಡು ಕಡೆ ಎಡವಿದ್ವಿ. ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ.

ಮೊದಲು ಲೆಕ್ಕ

ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ, ಹಗಲು ಅದಕ್ಕಿಂತ ಮೇಲೆ. ಹೀಗೆ ಹೆಪ್ಪುಗಟ್ಟಿ ಕರಗೋ ದಿನಗಳಲ್ಲಿ ಮಾತ್ರ ಮೇಪಲ್ ರಸ ಚೆನ್ನಾಗಿ ಹರಿಯುತ್ತೆ. ಅಂದ್ರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ, ಕೆಲವೇ ವಾರ. ಕಾಂಡಕ್ಕೆ ಸುಮಾರು 8 ಮಿಲಿಮೀಟರ್ ಅಗಲದ ತೂತು ಕೊರೆದು ಸಣ್ಣ ನಳಿಕೆ ಹೊಡೀತಾರೆ. ಒಂದು ನಳಿಕೆಯಿಂದ ಸೀಸನ್‌ಗೆ ಹೆಚ್ಚುಕಮ್ಮಿ 40 ಲೀಟರ್ ರಸ ಬರಬಹುದು.

ತೊಂದರೆ ಏನಪ್ಪಾ ಅಂದ್ರೆ ಆ ರಸದಲ್ಲಿ ಸಕ್ಕರೆ ಇರೋದು ಬರೀ 2 ಪರ್ಸೆಂಟ್. ನಮ್ಮ ಕಬ್ಬಿನ ಹಾಲಲ್ಲಿ ಅದರ ಎಂಟು-ಹತ್ತು ಪಟ್ಟು ಇರುತ್ತೆ. ಸಿರಪ್ ಆಗಬೇಕಾದ್ರೆ ಸಕ್ಕರೆ 66-67 ಪರ್ಸೆಂಟ್‌ಗೆ ಏರಬೇಕು. ಅಲ್ಲಿನವರ ಹತ್ರ ಒಂದು ಸುಲಭ ಸೂತ್ರ ಇದೆ: 86ನ್ನ ರಸದ ಸಕ್ಕರೆ ಪರ್ಸೆಂಟ್‌ನಿಂದ ಭಾಗಿಸಿ. 86 ಭಾಗ 2, ಅಂದ್ರೆ 43. ಒಂದು ಲೀಟರ್ ಸಿರಪ್‌ಗೆ 43 ಲೀಟರ್ ರಸ! ಹಾರಿಸಬೇಕಾದ ನೀರು ಸುಮಾರು 42 ಕೆ.ಜಿ.

ಈಗ ನಮ್ಮ ಫಸ್ಟ್ ಇಯರ್ ಫಿಸಿಕ್ಸ್. ಆ ರಸವನ್ನ 5 ಡಿಗ್ರಿಯಿಂದ 100 ಡಿಗ್ರಿಗೆ ತರೋಕೆ ಸುಮಾರು 17 ಮೆಗಾಜೂಲ್. 42 ಕೆ.ಜಿ. ನೀರನ್ನ ಆವಿ ಮಾಡೋಕೆ, ಲೇಟೆಂಟ್ ಹೀಟ್ ಕೆ.ಜಿ.ಗೆ 2257 ಕಿಲೋಜೂಲ್‌ನಂತೆ, 95 ಮೆಗಾಜೂಲ್. ಒಟ್ಟು 112. ಚೆನ್ನಾಗಿ ಒಣಗಿದ ಸೌದೆ ಕೆ.ಜಿ.ಗೆ ಸುಮಾರು 15 ಮೆಗಾಜೂಲ್ ಕೊಡುತ್ತೆ. ಅರ್ಧ ಶಾಖ ಚಿಮಣಿ ಪಾಲು ಅಂದ್ಕೊಂಡ್ರೆ ಒಂದು ಲೀಟರ್ ಸಿರಪ್‌ಗೆ 15 ಕೆ.ಜಿ. ಸೌದೆ. ನೋಡಿ, ಬಿಸಿ ಮಾಡೋದಕ್ಕಿಂತ ಆವಿ ಮಾಡೋದಕ್ಕೇ ಐದಾರು ಪಟ್ಟು ಖರ್ಚು. ಅದಕ್ಕೇ ದೊಡ್ಡ ತಯಾರಕರು ಮೊದಲು ರಿವರ್ಸ್ ಆಸ್ಮೋಸಿಸ್ ಮೆಷಿನ್‌ನಲ್ಲಿ ಬಹುಪಾಲು ನೀರು ತೆಗೆದು ಆಮೇಲೆ ಒಲೆಗೆ ಹಾಕ್ತಾರೆ.

ಒಳಗೇನಿದೆ

ಕೊಪ್ಪರಿಗೆ ಬ್ಯಾಚ್ ಪ್ರೋಸೆಸ್. ಒಮ್ಮೆ ತುಂಬು, ಪೂರ್ತಿ ಪಾಕ ಮಾಡು, ಇಳಿಸು. ಇವ್ಯಾಪರೇಟರ್ ಹಾಗಲ್ಲ, ಕಂಟಿನ್ಯುಯಸ್ ಪ್ರೋಸೆಸ್.

ಕೆಳಗೆ ಕಬ್ಬಿಣದ ಉದ್ದನೆ ಒಲೆ, ಅದಕ್ಕೆ ಆರ್ಚ್ ಅಂತಾರೆ. ಮುಂದೆ ಬೆಂಕಿಗೂಡು, ಹಿಂದೆ ಚಿಮಣಿ. ಮೇಲೆ ಎರಡು ಪ್ಯಾನ್. ಹಿಂದಿನದು ಫ್ಲೂ ಪ್ಯಾನ್: ಅದರ ತಳ ಸೀರೆ ನೆರಿಗೆ ಥರ ಆಳವಾಗಿ ಮಡಿಚಿರುತ್ತೆ. ಬೆಂಕಿಯ ಹೊಗೆ ಆ ನೆರಿಗೆಗಳ ನಡುವೆ ಹಾದು ಹೋಗೋದ್ರಿಂದ ತಾಗೋ ಏರಿಯಾ ಜಾಸ್ತಿ, ಶಾಖ ಹೀರೋದೂ ಜಾಸ್ತಿ. ಮುಂದಿನದು ಸಿರಪ್ ಪ್ಯಾನ್: ಚಪ್ಪಟೆ ತಳ, ಒಳಗೆ ಅಡ್ಡ ಗೋಡೆಗಳು. ಹಸಿ ರಸ ಫ್ಲೋಟ್ ವಾಲ್ವ್ ಮೂಲಕ ಹಿಂದಿನ ಪ್ಯಾನ್‌ಗೆ ಬರುತ್ತೆ. ನಮ್ಮ ಮನೆ ಮೇಲಿನ ಟ್ಯಾಂಕಲ್ಲಿರೋ ಫ್ಲೋಟ್ ಥರಾನೇ, ಎಷ್ಟು ಆವಿ ಆಯ್ತೋ ಅಷ್ಟು ಒಳಗೆ ಬಿಡುತ್ತೆ. ಹೊಸ ರಸ ಹಳೆಯದನ್ನ ತಳ್ತಾ ಹೋಗುತ್ತೆ, ಅಡ್ಡ ಗೋಡೆಗಳ ನಡುವೆ ಹಾವಿನಂತೆ ಸುತ್ತಿ ಬರೋ ಹೊತ್ತಿಗೆ ರಸ ಗಟ್ಟಿಯಾಗ್ತಾ, ಕೊನೆಯ ವಾಲ್ವ್ ಹತ್ರ ಸಿರಪ್ ಆಗಿರುತ್ತೆ.

ಭಾವ ತಂದದ್ದು 2 ಅಡಿ ಅಗಲ, 6 ಅಡಿ ಉದ್ದದ್ದು. ಒಂದು ಚದರ ಅಡಿಗೆ ಗಂಟೆಗೆ ಸುಮಾರು 7 ಲೀಟರ್ ಅಂದ್ರೂ, 12 ಚದರ ಅಡಿಗೆ 85 ಲೀಟರ್ ಆಸುಪಾಸು.

ಸೀಸದ ವಿಷಯ

ಇಲ್ಲಿ ನಾವು ಎಡವಿದ್ವಿ. ಮೊದಲು ನೋಡಬೇಕಾದ್ದನ್ನ ಕೊನೆಗೆ ನೋಡಿದ್ವಿ.

1990ರ ದಶಕದ ಮಧ್ಯಕ್ಕಿಂತ ಹಳೆಯ ಪ್ಯಾನ್‌ಗಳಲ್ಲಿ ಕೀಲುಗಳಿಗೆ ಹಾಕಿರೋ ಬೆಸುಗೆಯಲ್ಲಿ ಸೀಸ ಇರೋ ಸಾಧ್ಯತೆ ಹೆಚ್ಚು. ಈಗಿನವು ವೆಲ್ಡ್ ಮಾಡಿದ ಸ್ಟೇನ್‌ಲೆಸ್ ಸ್ಟೀಲ್. ಭಾವನ ಹಿಂದಿನ ಪ್ಯಾನ್ ವೆಲ್ಡ್ ಮಾಡಿದ್ದೇ. ಮುಂದಿನದು ಮಾತ್ರ ಹಳೇ ತಗಡು, ಮೂಲೆಗಳಲ್ಲಿ ಬೂದು ಬಣ್ಣದ ದಪ್ಪ ಬೆಸುಗೆ. ಅಂಗಡಿಯಲ್ಲಿ ಸಿಗೋ ಟೆಸ್ಟ್ ಕಡ್ಡಿ ಉಜ್ಜಿದ್ರೆ ಕೆಂಪಾಯ್ತು.

ಕಾಲ್‌ನಲ್ಲಿ ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ದುಡ್ಡು ಕೊಟ್ಟಾಗಿದೆ, ಮರಕ್ಕೆ ನಳಿಕೆ ಹೊಡೆಯೋ ವಾರ ಬಂದಿದೆ. ಮಾರಿದವರು "ಮೂವತ್ತು ವರ್ಷ ಇದರಲ್ಲೇ ಮಾಡಿದ್ದೀವಿ, ಏನೂ ಆಗಿಲ್ಲ" ಅಂದಿದ್ರಂತೆ. ನಮ್ಮಲ್ಲೇ ಒಬ್ಬ, "ಸೀಸ ಸ್ವಲ್ಪಾನೇ ತಾನೇ ಬಿಡೋದು, ಈ ವರ್ಷ ಒಂದು ಓಡಿಸಿಬಿಡಿ" ಅಂದ.

ಆಮೇಲೆ ಅವನೇ ಕೂತು ಯೋಚಿಸಿದ. ಈ ಮೆಷಿನ್ ಮಾಡೋದೇ ಸಾಂದ್ರ ಮಾಡೋ ಕೆಲಸ. ನೀರು ಹಾರಿ ಹೋಗುತ್ತೆ, ಸೀಸ ಹಾರಿ ಹೋಗಲ್ಲ. ರಸದಲ್ಲಿ ಎಷ್ಟೇ ಕಡಿಮೆ ಇದ್ರೂ, 43 ಲೀಟರ್‌ನಲ್ಲಿ ಇದ್ದದ್ದು ಒಂದು ಲೀಟರ್‌ಗೆ ಬಂದು ಕೂರುತ್ತೆ. ಸಿರಪ್ ಹದಕ್ಕೆ ಬರೋದೂ ಅದೇ ಮುಂದಿನ ಪ್ಯಾನ್‌ನಲ್ಲೇ. ಅದನ್ನ ತಿನ್ನೋರು ಯಾರು? ನಾಲ್ಕು ವರ್ಷದೊಳಗಿನ ಎರಡು ಮಕ್ಕಳು. ಸೀಸ ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತೆ, ಇಷ್ಟು ಪ್ರಮಾಣದವರೆಗೆ ಪರವಾಗಿಲ್ಲ ಅನ್ನೋ ಗೆರೆಯೇ ಇಲ್ಲ. ಅಕ್ಕ ಒಂದೇ ಮಾತು ಹೇಳಿದ್ಲು: "ಸೀಸನ್ ಹೋದ್ರೆ ಹೋಗ್ಲಿ." ಹೊಸ ಸ್ಟೇನ್‌ಲೆಸ್ ಪ್ಯಾನ್‌ಗೆ ಆರ್ಡರ್ ಹಾಕಿದ್ರು. ಅದು ಬರೋಕೆ ಎರಡು ವಾರ ಹಿಡೀತು, ಆ ಎರಡು ವಾರದ ರಸ ಹೋಯ್ತು.

ಹಳೇದನ್ನ ಕೊಳ್ಳೋಕೆ ಹೋಗೋರು ಟೆಸ್ಟ್ ಕಡ್ಡಿ ಜೇಬಲ್ಲಿಟ್ಕೊಂಡೇ ಹೋಗಬೇಕು. ಇದು ನಮ್ಮ ತಪ್ಪಿಂದ ನಿಮಗೆ ಸಿಕ್ಕ ಪಾಠ.

ಕೂರಿಸೋ ಕೆಲಸ

ಕಾಯ್ತಾ ಇದ್ದ ಎರಡು ವಾರದಲ್ಲಿ ಒಲೆ ಕೆಲಸ ಮುಗೀತು. ಕ್ರಮ ಹೀಗಿದೆ.

ಒಂದು, ನೆಲ. ಚಳಿಗೆ ಮಣ್ಣು ಹೆಪ್ಪುಗಟ್ಟಿ ಉಬ್ಬುತ್ತೆ, ಹಾಗಾಗಿ ಬರೀ ಮಣ್ಣಿನ ಮೇಲೆ ಇಡಬಾರದು. ಗಟ್ಟಿ ಕಾಂಕ್ರೀಟ್ ಮೇಲೆ ಕೂರಿಸಿ, ನಮ್ಮ ಮೇಸ್ತ್ರಿಗಳು ಮಾಡೋ ಹಾಗೆ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಬೇಕು. ಪ್ಯಾನ್‌ನಲ್ಲಿ ರಸದ ಆಳ ಇರೋದೇ ನಾಲ್ಕು ಸೆಂಟಿಮೀಟರ್. ಒಂದು ಕಡೆ ಎರಡು ಸೆಂಟಿಮೀಟರ್ ಎತ್ತರ ಆದ್ರೆ ಅಲ್ಲಿ ಅರ್ಧ ಆಳ ಮಾಯ.

ಎರಡು, ಇಟ್ಟಿಗೆ. ಬೆಂಕಿಗೂಡಿನ ಒಳಗೋಡೆಗೆ ಫೈರ್ ಬ್ರಿಕ್. ಇದು ಕಬ್ಬಿಣವನ್ನೂ ಕಾಪಾಡುತ್ತೆ, ಶಾಖವನ್ನೂ ಪ್ಯಾನ್ ಕಡೆಗೇ ಉಳಿಸುತ್ತೆ. ಹಳೆಯದರಲ್ಲಿ ಬಿರುಕು ಬಿಟ್ಟವನ್ನ ಬದಲಾಯಿಸಬೇಕು. ಇಟ್ಟಿಗೆ ಹಿಂದೆ ಸೆರಾಮಿಕ್ ಫೈಬರ್ ಹಾಸೋದಾದ್ರೆ ಮಾಸ್ಕ್ ಹಾಕ್ಕೊಂಡೇ ಕತ್ತರಿಸಬೇಕು, ಆ ಎಳೆಗಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಮೂರು, ಗ್ಯಾಸ್ಕೆಟ್ ಮತ್ತು ಚಿಮಣಿ. ಪ್ಯಾನ್ ಕೂರೋ ಅಂಚಿನಲ್ಲಿ ಸಂದು ಇದ್ರೆ ಹೊಗೆ ಹೊರಗೆ ಬರುತ್ತೆ, ತಣ್ಣನೆ ಗಾಳಿ ಒಳಗೆ ಹೋಗುತ್ತೆ. ಚಿಮಣಿ ಒಲೆಯ ಉದ್ದದ ಎರಡು ಪಟ್ಟು ಇರಲಿ ಅನ್ನೋದು ಅಲ್ಲಿನ ರೂಢಿ, ಆಗ ಎಳೆತ ಚೆನ್ನಾಗಿರುತ್ತೆ. ಅದು ಛಾವಣಿ ದಾಟೋ ಕಡೆ ಮರಕ್ಕೆ ತಾಗದಂತೆ ಅಂತರ ಬಿಡ್ಲೇಬೇಕು. ಆವಿ ಹೋಗೋಕೆ ಛಾವಣಿಯಲ್ಲಿ ಬೇರೆ ಕಿಂಡಿ ಬೇಕು. ಗಂಟೆಗೆ ಎಂಭತ್ತು ಲೀಟರ್ ನೀರು ಗಾಳಿಗೆ ಸೇರೋದು ಕಡಿಮೆ ವಿಷಯ ಅಲ್ಲ.

ನಾಲ್ಕು, ನೀರಿನ ಟ್ರಯಲ್. ಬೆಂಕಿ ಇಲ್ಲದೆ ನೀರು ತುಂಬಿ ಸೋರುತ್ತಾ ಅಂತ ನೋಡಿ. ಆಮೇಲೆ ಬರೀ ನೀರನ್ನೇ ಕುದಿಸಿ ಚೆಲ್ಲಿ. ಪ್ಯಾನ್ ತೊಳೆದ ಹಾಗೂ ಆಯ್ತು, ಫ್ಲೋಟ್ ಪರೀಕ್ಷೆನೂ ಆಯ್ತು.

ಹದ ಗೊತ್ತಾಗೋದು ಹೇಗೆ?

ನೀರು ಕುದಿಯೋ ತಾಪಮಾನಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಕುದಿಯೋಕೆ ಶುರುವಾದ್ರೆ ಅದು ಸಿರಪ್. ಹಾಗಂತ 104 ಅಂತ ಬರೆದಿಟ್ಕೊಂಡ್ರೆ ಕೆಟ್ರಿ. ನೀರಿನ ಕುದಿಬಿಂದು ಎತ್ತರ, ಗಾಳಿಯ ಒತ್ತಡದ ಜೊತೆ ಬದಲಾಗುತ್ತೆ. ಬೆಂಗಳೂರಲ್ಲೇ ನೀರು 97ರ ಹತ್ರ ಕುದಿಯುತ್ತೆ, ಅಲ್ವಾ? ಆದ್ದರಿಂದ ಪ್ರತಿದಿನ ಮೊದಲು ಬರೀ ನೀರು ಕುದಿಸಿ, ಥರ್ಮಾಮೀಟರ್ ನೋಡಿ, ಅದಕ್ಕೆ 4 ಕೂಡಿಸಬೇಕು. ನೊರೆ ಉಕ್ಕಿದ್ರೆ ಒಂದು ಹನಿ ಬೆಣ್ಣೆ ಅಥವಾ ಎಣ್ಣೆ ಸಾಕು. ಆಲೆಮನೆಯಲ್ಲಿ ಹರಳೆಣ್ಣೆ ಬಿಡೋದೂ ಇದಕ್ಕೇ. ಕೊನೆಗೆ ಬಿಸಿ ಇರುವಾಗಲೇ ಶೋಧಿಸಬೇಕು, ಯಾಕಂದ್ರೆ ರಸದಲ್ಲಿರೋ ಖನಿಜಗಳು ಸಣ್ಣ ಮರಳಿನಂತೆ ಬೇರ್ಪಟ್ಟಿರುತ್ತವೆ.

ಆ ರಾತ್ರಿ

ಅಲ್ಲಿ ಮಧ್ಯಾಹ್ನ ಮೂರು, ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೆರಡೂವರೆ. ಮೂರನೇ ದಿನದ ಕುದಿತ. ನಾವು ಫೋನ್ ಒರಗಿಸಿಟ್ಟು ಇಂಟರ್ನಲ್ಸ್‌ಗೆ ಓದ್ತಾ ಇದ್ವಿ. ಇದ್ದಕ್ಕಿದ್ದಂತೆ ಅಕ್ಕ "ರೀ, ಸುಟ್ಟ ವಾಸನೆ!" ಅಂತ ಕೂಗಿದ್ಲು.

ಫ್ಲೋಟ್ ಹತ್ರ ಒಂದು ಮಂಜುಗಡ್ಡೆ ಚೂರು ಸಿಕ್ಕಿಕೊಂಡು ರಸ ಬರೋದು ನಿಂತಿತ್ತು. ನಾವು ಮುಂಚೆಯೇ ಲೆಕ್ಕ ಹಾಕಿದ್ವಿ: ಹರಿವು ನಿಂತ್ರೆ ನಾಲ್ಕು ಸೆಂಟಿಮೀಟರ್ ರಸ ಸರಾಸರಿ ಅರ್ಧ ಗಂಟೆಯಲ್ಲಿ ಖಾಲಿ. ಕೆಂಡದ ನೇರ ಮೇಲಿರೋ ಕಡೆ ಇನ್ನೂ ಬೇಗ. ಗ್ಯಾಸ್ ಒಲೆ ಆಗಿದ್ರೆ ಗುಬುಟು ತಿರುಗಿಸಬಹುದಿತ್ತು. ಸೌದೆ ಬೆಂಕಿಗೆ ಆಫ್ ಸ್ವಿಚ್ ಇಲ್ಲ. ಅದಕ್ಕೇ ಪಕ್ಕದಲ್ಲಿ ಎರಡು ಬಕೆಟ್ ರಸ ಸದಾ ಇರಲಿ ಅಂತ ಹೇಳಿದ್ವಿ. ಭಾವ ಎರಡನ್ನೂ ಪ್ಯಾನ್‌ಗೆ ಸುರಿದು, ಚೂರು ತೆಗೆದು, ಫ್ಲೋಟ್ ಬಿಡಿಸಿದ್ರು. ಪ್ಯಾನ್‌ನ ಒಂದು ಮೂಲೆ ಕಪ್ಪಾಯ್ತು, ತಳ ಉಳೀತು.

ದಿನದ ಕೆಲಸ ಮುಗಿಸೋಕೂ ಇದೇ ನಿಯಮ. ರಸ ಖಾಲಿ ಆದ್ಮೇಲೆ ಬೆಂಕಿ ಆರಿಸೋದಲ್ಲ, ಕೆಂಡ ಪೂರ್ತಿ ತಣಿಯೋ ತನಕ ಆವಿ ಆಗೋಕೆ ಬೇಕಾದಷ್ಟು, ಅಂದ್ರೆ 40-50 ಲೀಟರ್, ಉಳಿದಿರುವಾಗಲೇ ಸೌದೆ ಹಾಕೋದು ನಿಲ್ಲಿಸಬೇಕು.

80 ನಳಿಕೆಗೆ ಲೆಕ್ಕದ ಪ್ರಕಾರ 74 ಲೀಟರ್ ಸಿರಪ್ ಬರಬೇಕಿತ್ತು. ಬಂದದ್ದು 46. ಮಿಕ್ಕಿದ್ದು ಬಹುಪಾಲು ಆ ಎರಡು ವಾರದ ಲೆಕ್ಕಕ್ಕೆ ಹೋಯ್ತು. ಅಕ್ಕ ಅದಕ್ಕೆ ಒಂದು ದಿನಾನೂ ಬೇಜಾರು ಮಾಡ್ಕೊಂಡಿಲ್ಲ. ಬೇಸಿಗೆಯಲ್ಲಿ ಊರಿಗೆ ಬಂದಾಗ ಒಂದು ಬಾಟಲಿ ತಂದ್ಕೊಟ್ಲು. ಮೆಸ್‌ನ ದೋಸೆ ಮೇಲೆ ಸುರ್ಕೊಂಡು ತಿಂದ್ವಿ. ಚೆನ್ನಾಗಿತ್ತು. ಆದ್ರೂ ನಮ್ಮಲ್ಲಿ ಮಂಡ್ಯದವನು ಒಪ್ಪಿಲ್ಲ, ದೋಸೆಗೆ ಜೋನಿ ಬೆಲ್ಲವೇ ಸೈ ಅಂತಾನೆ. ಮುಂದಿನ ರಜೆಯಲ್ಲಿ ಅವರೂರಿನ ಆಲೆಮನೆಗೆ ಥರ್ಮಾಮೀಟರ್, ತಕ್ಕಡಿ ತಗೊಂಡು ಹೋಗ್ತಿದ್ದೀವಿ. ಒಂದು ಕೆ.ಜಿ. ಬೆಲ್ಲಕ್ಕೆ ಎಷ್ಟು ಸಿಪ್ಪೆ ಉರಿಯುತ್ತೆ, ಚಿಮಣಿಯಲ್ಲಿ ಎಷ್ಟು ಶಾಖ ಹೋಗುತ್ತೆ ಅಂತ ಅಳೆಯೋ ಆಸೆ. ಬರೋರು ಕ್ಲಬ್ ರೂಮಿಗೆ ಬಂದು ಹೆಸರು ಕೊಡಿ.