ಭದ್ರಾವತಿಗೆ ‘ಡಲ್ಲು’ ಅನ್ನೋ ಪದ ಸಾಲದು

ಶಿವಮೊಗ್ಗದ ಗಾಂಧಿ ಬಜಾರಲ್ಲಿ ಯಾರನ್ನ ಕೇಳಿದ್ರೂ ‘ವ್ಯಾಪಾರ ಡಲ್ಲು’ ಅಂತಾರೆ. ಮಳೆ ಜಾಸ್ತಿಯಾದ್ರೂ ಡಲ್ಲು, ಅಡಿಕೆ ರೇಟು ಬಿದ್ರೂ ಡಲ್ಲು. ಪಕ್ಕದ ಭದ್ರಾವತಿಗೆ ಮಾತ್ರ ಆ ಪದ ಸಾಲದು.

ಸತತ ಎರಡು ತ್ರೈಮಾಸಿಕ ಜಿಡಿಪಿ ಇಳಿದರೆ ಅದನ್ನು ಆರ್ಥಿಕ ಹಿಂಜರಿತ ಅನ್ನೋದು ರೂಢಿ. ಡಿಪ್ರೆಷನ್, ಅಂದರೆ ಮಹಾಕುಸಿತಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಪೆಟ್ಟು ಆಳವಾಗಿರಬೇಕು, ವರ್ಷಗಟ್ಟಲೆ ಇರಬೇಕು. 1933ರ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

ಭದ್ರಾವತಿ ಬೆಳೆದದ್ದು ಎರಡು ಕಾರ್ಖಾನೆಗಳ ಮೇಲೆ. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ವಿಐಎಸ್‌ಎಲ್‌ಗೆ ನೂರು ತುಂಬಿದ ವರ್ಷವೇ ಮುಚ್ಚುವ ನಿರ್ಧಾರ ಬಂತು. ಹೋರಾಟದ ನಂತರ ಅದೇ ಆಗಸ್ಟ್‌ನಲ್ಲಿ ಒಂದು ಭಾಗ ಮತ್ತೆ ಶುರುವಾಯಿತು.

ಇಷ್ಟೂ ವರ್ಷ ದೇಶದ ಜಿಡಿಪಿ, ಕೋವಿಡ್ ಕಾಲ ಬಿಟ್ಟರೆ, ಏರುತ್ತಲೇ ಇತ್ತು. ನಮ್ಮ ಐಟಿ ಭಾಷೇಲಿ ಹೇಳೋದಾದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಒಂದು ಸರ್ವರ್ ಮಾತ್ರ ಡೌನ್. ಸರಾಸರಿಯಲ್ಲಿ ಊರು ಕಾಣೋದಿಲ್ಲ.

ಹೆಸರಲ್ಲೇನಿದೆ ಅಂತೀರಾ? ಹಿಂಜರಿತ ಅಂದ್ರೆ ‘ತಡಿ, ಸರಿಹೋಗುತ್ತೆ’ ಅಂತ ಕಾಯ್ತೀವಿ. ಹಾಗೆ ಕಾಯ್ತಾ ಕೂತ ಮನೆಗಳ ಮಕ್ಕಳು ಬೆಂಗಳೂರಿನ ರೈಲು ಹತ್ತಿದರು. ಕುಸಿತ ಅಂತ ಒಪ್ಪಿಕೊಂಡರೆ ಹಳೇ ಸೈರನ್‌ಗೆ ಕಾಯೋದು ಬಿಟ್ಟು ಹೊಸ ಕೆಲಸ ಎಲ್ಲಿ ಅಂತ ಕೇಳ್ತೀವಿ. ನಾನಂತೂ ಇದನ್ನ ಕುಸಿತ ಅಂತಲೇ ಕರೀತೀನಿ.

ನಿಮ್ಮೂರಿನದು ಯಾವುದು? ಮುಂದಿನ ಸಲ ಹೋದಾಗ ಜಿಡಿಪಿ ನೋಡಬೇಡಿ. ಎಷ್ಟು ಜನ ಕ್ಲಾಸ್‌ಮೇಟ್‌ಗಳು ಊರಲ್ಲೇ ಉಳಿದಿದ್ದಾರೆ, ಎಣಿಸಿ.